ಕತ್ತರಿಗೆ ಬಿದ್ದ ಮಾತು: ತೆರೆಯ ಮೇಲೆ ಜಾಝ್ ಕಲಾವಿದರು

1969ರ ಡಿಸೆಂಬರ್, ಪ್ಯಾರಿಸ್‌ನ ಒಂದು ಟಿವಿ ಸ್ಟುಡಿಯೋ. ಪಿಯಾನೋ ಮುಂದೆ ಥೆಲೋನಿಯಸ್ ಮಂಕ್ ಕೂತಿದ್ದಾರೆ. ಲೈಟಿನ ಬಿಸಿಗೆ ಮುಖವೆಲ್ಲ ಬೆವರು. ಪ್ರಶ್ನೆ ಕೇಳುತ್ತಿರುವವರು ಆನ್ರಿ ರೆನೋ. ಅವರೂ ಜಾಝ್ ಪಿಯಾನೋ ನುಡಿಸುವವರೇ, ಮಂಕ್‌ಗೆ ಹಳೆಯ ಪರಿಚಯ. 1954ರಲ್ಲಿ ಮೊದಲ ಸಲ ಪ್ಯಾರಿಸ್‌ಗೆ ಬಂದಾಗ ಹೇಗಿತ್ತು ಅಂತ ರೆನೋ ಕೇಳುತ್ತಾರೆ. ಮಂಕ್ ಸುತ್ತಿ ಬಳಸಿ ಮಾತಾಡುವವರಲ್ಲ. ಪತ್ರಿಕೆಯ ಮುಖಪುಟದಲ್ಲಿದ್ದದ್ದು ನನ್ನ ಫೋಟೋ, ಆದರೆ ಉಳಿದವರಿಗಿಂತ ಕಡಿಮೆ ದುಡ್ಡು ಸಿಕ್ಕಿದ್ದೂ ನನಗೇ ಅನ್ನುವ ಅರ್ಥದಲ್ಲಿ ಉತ್ತರ ಕೊಡುತ್ತಾರೆ. ರೆನೋ ತಂಡದವರ ಕಡೆ ತಿರುಗಿ, ಇದು ಬೇಡ, ತೆಗೆದುಬಿಡೋಣ ಅನ್ನುತ್ತಾರೆ. ಆಮೇಲೆ ಅದೇ ಪ್ರಶ್ನೆ ಇನ್ನೊಂದು ಸಲ. ಮತ್ತೂ ಒಂದು ಸಲ. ಕೊನೆಗೆ ಮಂಕ್, ಈ ಕಾರ್ಯಕ್ರಮ ಗಿರ್ಯಕ್ರಮ ಬಿಟ್ಟು ಎಲ್ಲರೂ ಊಟಕ್ಕೆ ಹೋಗೋಣ ಅನ್ನುವಷ್ಟು ಸುಸ್ತಾಗುತ್ತಾರೆ.

ಇನ್ನೊಂದು ಪ್ರಶ್ನೆ ಮಜವಾಗಿದೆ. ನ್ಯೂಯಾರ್ಕಿನ ನಿಮ್ಮ ಮನೆಯಲ್ಲಿ ಪಿಯಾನೋವನ್ನು ಅಡುಗೆಮನೆಯಲ್ಲಿ ಯಾಕೆ ಇಟ್ಟಿದ್ದಿರಿ? ಕೇಳುವವರಿಗೆ ಏನಾದರೂ ವಿಚಿತ್ರ ಕಾರಣ ಬೇಕಾಗಿದೆ. ಅಂಥ ಪ್ರತಿಭಾವಂತ, ಸ್ವಲ್ಪ ಹುಚ್ಚು ಇರಲೇಬೇಕಲ್ಲ. ಮಂಕ್ ಉತ್ತರ ಇಷ್ಟೇ: ಮನೆಯಲ್ಲಿ ದೊಡ್ಡ ಕೋಣೆ ಅಂತ ಇದ್ದದ್ದು ಅದೊಂದೇ.

ದುಡ್ಡಿನ ಮಾತು ಆಗ ಟಿವಿಯಲ್ಲಿ ಬರಲಿಲ್ಲ. ಆದರೆ ಚಿತ್ರೀಕರಣದ ರಶಸ್, ಅಂದರೆ ಎಡಿಟ್ ಮಾಡದ ಕಚ್ಚಾ ತುಣುಕುಗಳು, ಫ್ರಾನ್ಸಿನ ದೃಶ್ಯ ಸಂಗ್ರಹಾಲಯದಲ್ಲಿ ಹಾಗೇ ಉಳಿದಿತ್ತು. ಮಂಕ್ ಬಗ್ಗೆ ಒಂದು ಕಥಾಚಿತ್ರ ಮಾಡಬೇಕು ಅಂತ ಹುಡುಕಾಡುತ್ತಿದ್ದ ನಿರ್ದೇಶಕ ಅಲಾಂ ಗೋಮಿಸ್ ಕೈಗೆ ಅದು ಸಿಕ್ಕಿತು. 2022ರಲ್ಲಿ ಅವರು ಆ ರಶಸ್ಸನ್ನೇ ಒಂದು ಗಂಟೆಗಿಂತ ತುಸು ಹೆಚ್ಚಿನ ಸಾಕ್ಷ್ಯಚಿತ್ರ ಮಾಡಿದರು. ಹೆಸರು 'ರಿವೈಂಡ್ ಅಂಡ್ ಪ್ಲೇ'. ಅಂದರೆ ಒಂದು ಕಾರ್ಯಕ್ರಮ ಮಾಡಲು ಯಾವುದನ್ನು ಎತ್ತಿ ಬಿಸಾಕಿದರೋ, ಐವತ್ತಮೂರು ವರ್ಷದ ನಂತರ ಅದೇ ನೋಡಬೇಕಾದ ಸಿನಿಮಾ ಆಯಿತು.

ಇದು ಒಬ್ಬ ಮಂಕ್ ಕತೆ ಅಲ್ಲ. 2016ರಿಂದ ಈಚೆಗೆ ಜಾಝ್ ಬಗ್ಗೆ ಬಂದ ಒಳ್ಳೆಯ ಸಾಕ್ಷ್ಯಚಿತ್ರಗಳನ್ನು ನೋಡಿದರೆ, ಬಹುಪಾಲು ಹೀಗೇ ಕತ್ತರಿಗೆ ಬಿದ್ದ, ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ವಸ್ತುವಿನಿಂದಲೇ ಹುಟ್ಟಿವೆ. ಹಳೆಯ ಟೇಪು, ಪ್ರಸಾರವಾಗದ ತುಣುಕು, ಯಾರೋ ಬರೆಯಲು ಹೊರಟು ಮುಗಿಸದೆ ಬಿಟ್ಟ ಪುಸ್ತಕದ ಸಂದರ್ಶನ. ಇಷ್ಟೆಲ್ಲ ಯಾಕೆ ಹೊರಗುಳಿದಿತ್ತು ಅನ್ನುವುದಕ್ಕೆ ಹಾಲಿವುಡ್‌ನ ಹಳೆಯ ಲೆಕ್ಕಾಚಾರ ನೋಡಬೇಕು.

ಲೀನಾ ಹಾರ್ನ್ 1940ರ ದಶಕದಲ್ಲಿ ಎಂಜಿಎಂ ಸ್ಟುಡಿಯೋದ ತಾರೆ. ಆದರೆ ಅವರಿಗೆ ಸಿಗುತ್ತಿದ್ದ ಕೆಲಸ ಎಂಥದ್ದು? ಚೆಂದದ ಗೌನ್ ಹಾಕಿಕೊಂಡು ಕಂಬಕ್ಕೆ ಒರಗಿ ಒಂದು ಹಾಡು ಹಾಡಬೇಕು, ಹೋಗಬೇಕು. ಮುಂದಿನ ದೃಶ್ಯದಲ್ಲಿ ಅವರ ಹೆಸರೂ ಬರುವುದಿಲ್ಲ. ಕಾರಣ ಸರಳ. ಅಮೆರಿಕದ ದಕ್ಷಿಣ ರಾಜ್ಯಗಳ ಥಿಯೇಟರುಗಳು ಕಪ್ಪು ತಾರೆಯನ್ನು ತೋರಿಸಲು ಒಪ್ಪುತ್ತಿರಲಿಲ್ಲ. ಹಾಗಾಗಿ ಆ ಹಾಡನ್ನು ಕಿತ್ತು ತೆಗೆದರೂ ಕಥೆಗೆ ಏಟು ಬೀಳದಂತೆ ಮೊದಲೇ ನೋಡಿಕೊಂಡು ಚಿತ್ರಕಥೆ ಬರೆಯುತ್ತಿದ್ದರು. ಗಮನಿಸಿ, ಇಲ್ಲಿ ಕತ್ತರಿ ಎಡಿಟಿಂಗ್ ಟೇಬಲ್‌ನಲ್ಲಿ ಬಂದದ್ದಲ್ಲ. ಸ್ಕ್ರಿಪ್ಟ್ ಬರೆಯುವಾಗಲೇ ಬಂದಿತ್ತು.

ಇದಕ್ಕೆ ತಿರುಗುಮುರುಗಾದ ಒಂದು ಪ್ರಸಂಗವೂ ಇದೆ. 1944ರಲ್ಲಿ ವಾರ್ನರ್ ಬ್ರದರ್ಸ್ 'ಜ್ಯಾಮಿನ್ ದ ಬ್ಲೂಸ್' ಅಂತ ಹತ್ತು ನಿಮಿಷದ ಚಿತ್ರ ಮಾಡಿತು. ನಿರ್ದೇಶಕ ಗ್ಯೋನ್ ಮಿಲಿ, 'ಲೈಫ್' ಪತ್ರಿಕೆಯ ಹೆಸರಾಂತ ಫೋಟೋಗ್ರಾಫರ್. ಮೊದಲ ಶಾಟಿನಲ್ಲಿ ಕಪ್ಪು ಹಿನ್ನೆಲೆಯಲ್ಲಿ ಒಂದರೊಳಗೊಂದು ಎರಡು ವೃತ್ತ ಕಾಣುತ್ತವೆ. ಏನೋ ರೇಖಾಚಿತ್ರ ಅನ್ನಿಸುತ್ತದೆ. ಸಿಗರೇಟಿನ ಹೊಗೆ ಸುರುಳಿ ಏಳುತ್ತದೆ. ವೃತ್ತ ಮೆಲ್ಲಗೆ ವಾಲುತ್ತದೆ. ಆಗ ಗೊತ್ತಾಗುವುದು ಅದು ಲೆಸ್ಟರ್ ಯಂಗ್ ತಲೆಯ ಮೇಲಿನ ಹ್ಯಾಟು. ಅವರು ಮುಖ ಎತ್ತಿ ಸ್ಯಾಕ್ಸೋಫೋನ್ ಬಾಯಿಗಿಡುತ್ತಾರೆ. ಜಾಝ್ ಕಲಾವಿದನನ್ನು ಅಷ್ಟು ಗೌರವದಿಂದ, ಅಷ್ಟು ಚೆಂದವಾಗಿ ತೋರಿಸಿದ ಶಾಟ್ ಹಾಲಿವುಡ್‌ನಲ್ಲಿ ಅದಕ್ಕಿಂತ ಮೊದಲು ಇರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಆಮೇಲೂ ಕಡಿಮೆಯೇ.

ಆ ತಂಡದಲ್ಲಿ ಒಬ್ಬರೇ ಒಬ್ಬರು ಬಿಳಿಯರಿದ್ದರು, ಗಿಟಾರ್ ವಾದಕ ಬಾರ್ನಿ ಕೆಸೆಲ್. ಕಪ್ಪು ಬಿಳಿ ಕಲಾವಿದರು ಒಟ್ಟಿಗೆ ಕೂತು ನುಡಿಸುವುದನ್ನು ತೋರಿಸಿದರೆ ದಕ್ಷಿಣದಲ್ಲಿ ಗಲಾಟೆ ಅಂತ ಸ್ಟುಡಿಯೋಗೆ ಭಯ. ಕೆಸೆಲ್ ಅವರನ್ನು ಬದಲಿಸಲು ನಿರ್ಮಾಣದ ಹೊಣೆ ಹೊತ್ತ ನಾರ್ಮನ್ ಗ್ರ್ಯಾಂಝ್ ಒಪ್ಪಲಿಲ್ಲ. ಕೊನೆಗೆ ರಾಜಿ ಆಯಿತು. ಕೆಸೆಲ್ ನೆರಳಿನಲ್ಲಿ ಕೂತರು. ಬೆರಳುಗಳ ಕ್ಲೋಸಪ್ ತೆಗೆಯುವಾಗ ಕೈಗೆ ಬೆರ್ರಿ ಹಣ್ಣಿನ ರಸ ಬಳಿದು ಕಪ್ಪಾಗಿಸಿದರು. ಹದಿನೇಳು ವರ್ಷದ ಹಿಂದೆ, 1927ರಲ್ಲಿ, ಮಾತು ಕೇಳಿಸಿದ ಮೊದಲ ಪೂರ್ಣಾವಧಿ ಚಿತ್ರ 'ದ ಜಾಝ್ ಸಿಂಗರ್'ನಲ್ಲಿ ಆಲ್ ಜಾಲ್ಸನ್ ಮುಖಕ್ಕೆ ಮಸಿ ಬಳಿದುಕೊಂಡು ಹಾಡಿದ್ದು ಪ್ರೇಕ್ಷಕರ ಮೋಜಿಗೆ. ಇಲ್ಲಿ ಬಳಿದದ್ದು ಪ್ರೇಕ್ಷಕರ ಭಯಕ್ಕೆ.

ಗಾಯಕಿ ಬಿಲ್ಲಿ ಹಾಲಿಡೇ ಕತೆ ಇನ್ನೂ ಬೇಸರದ್ದು. 1947ರ 'ನ್ಯೂ ಆರ್ಲಿಯನ್ಸ್' ಅವರು ಪಾತ್ರ ಮಾಡಿದ ಒಂದೇ ಒಂದು ಪೂರ್ಣ ಕಥಾಚಿತ್ರ. ಜಾಝ್ ಹುಟ್ಟಿದ ಊರಿನ ಬಗ್ಗೆ ಸಿನಿಮಾ, ಟ್ರಂಪೆಟ್ ವಾದಕ, ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್ ಕೂಡ ಇದ್ದಾರೆ. ಆದರೆ ಕಥೆ ಮಾತ್ರ ಒಬ್ಬ ಬಿಳಿ ಒಪೆರಾ ಗಾಯಕಿ ಮತ್ತು ಜೂಜುಕಟ್ಟೆಯ ಯಜಮಾನನ ಪ್ರೇಮ. ಹಾಲಿಡೇಗೆ ಸಿಕ್ಕಿದ್ದು ಆ ಗಾಯಕಿಯ ಮನೆಕೆಲಸದವಳ ಪಾತ್ರ. ಅವರಿಗೆ ಅದರ ಬಗ್ಗೆ ಎಷ್ಟು ಸಿಟ್ಟಿತ್ತು ಅಂತ ಆತ್ಮಕಥೆಯಲ್ಲೇ ಬಂದಿದೆ.

ಈ ಪಕ್ಕದ ಬಿಳಿಯ ಪಾತ್ರ ಇವತ್ತಿಗೂ ಹೋಗಿಲ್ಲ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಬಗ್ಗೆ 'ಮೈಲ್ಸ್ ಅಹೆಡ್' ಮಾಡಲು ಹೊರಟ ನಟ ಡಾನ್ ಚೀಡಲ್, ಅಭಿಮಾನಿಗಳಿಂದ ಆನ್‌ಲೈನ್‌ನಲ್ಲಿ ದುಡ್ಡು ಸೇರಿಸಬೇಕಾಯಿತು. ಜೊತೆಗೆ ಒಬ್ಬ ಬಿಳಿ ನಟ ಇಲ್ಲದಿದ್ದರೆ ಬಂಡವಾಳ ಹುಟ್ಟುವುದೇ ಇಲ್ಲ ಅಂತ ಅವರು ಬಹಿರಂಗವಾಗಿಯೇ ಹೇಳಿದರು. ಹಾಗೆ ಯೂವನ್ ಮೆಕ್‌ಗ್ರೆಗರ್ ಮಾಡಿದ ಪತ್ರಕರ್ತನ ಪಾತ್ರ ಬಂತು. ಅಂಥ ಪತ್ರಕರ್ತ ನಿಜದಲ್ಲಿ ಇರಲೇ ಇಲ್ಲ. 2018ರ 'ಗ್ರೀನ್ ಬುಕ್'ನಲ್ಲಿ ಪಿಯಾನೋ ವಾದಕ ಡಾನ್ ಶರ್ಲಿ ಕತೆಯನ್ನು ಹೇಳಿದ್ದು ಅವರ ಕಾರು ಓಡಿಸಿದವನ ಕಣ್ಣಿನಿಂದ. ಬರೆದವರಲ್ಲಿ ಆ ಡ್ರೈವರ್ ಮಗನೂ ಒಬ್ಬರು. ನಮ್ಮನ್ನು ಯಾರೂ ಕೇಳಲೇ ಇಲ್ಲ ಅಂತ ಶರ್ಲಿ ಕುಟುಂಬದವರು ಆಕ್ಷೇಪ ಎತ್ತಿದರು. ಆ ಚಿತ್ರಕ್ಕೇ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು.

ಬಣ್ಣದ ಕತ್ತರಿ ಒಂದಾದರೆ, ಇನ್ನೊಂದು ಕತ್ತರಿ ಕಣ್ಣಿಗೆ ಅಷ್ಟು ಸುಲಭವಾಗಿ ಬೀಳುವುದಿಲ್ಲ. ಅದು ಅಭ್ಯಾಸವನ್ನು, ದಿನದಿನದ ಕೆಲಸವನ್ನು ಕತ್ತರಿಸುತ್ತದೆ. ಒಬ್ಬ ಮನುಷ್ಯ ಕೋಣೆಯಲ್ಲಿ ಕೂತು ಒಂದೇ ಸಾಲನ್ನು ನೂರು ಸಲ ನುಡಿಸುವುದನ್ನು ಯಾರು ನೋಡುತ್ತಾರೆ? ಅದೇ ತೋಳಿಗೆ ಸೂಜಿ ಚುಚ್ಚಿಕೊಂಡರೆ ಅದು ದೃಶ್ಯ. ಹೋಟೆಲಿನ ಕಿಟಕಿಯಿಂದ ಬಿದ್ದರೆ ಕ್ಲೈಮ್ಯಾಕ್ಸ್. ಹಾಗಾಗಿ ಜಾಝ್ ಸಿನಿಮಾ ಅಂದರೆ ನೋವು, ಮಾದಕ ವಸ್ತು, ಸಾವು, ಆಮೇಲೆ ಅಮರತ್ವ ಅನ್ನುವ ಸೂತ್ರ ಹುಟ್ಟಿಕೊಂಡಿತು.

ಈ ಸೂತ್ರ ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಒಂದು ಸಿಂಬಲ್ (ಡ್ರಮ್ಸ್‌ನ ಲೋಹದ ತಟ್ಟೆ) ಕತೆ ಸಾಕು. 1936ರ ಸುಮಾರಿಗೆ ಕನ್ಸಾಸ್ ಸಿಟಿಯ ರೀನೋ ಕ್ಲಬ್ಬಿನಲ್ಲಿ ಹದಿಹರೆಯದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ದೊಡ್ಡವರ ಜೊತೆ ನುಡಿಸಲು ಹೋಗಿ ದಾರಿ ತಪ್ಪುತ್ತಾರೆ. ಡ್ರಮ್ಸ್‌ನಲ್ಲಿದ್ದ ಜೋ ಜೋನ್ಸ್ ಸಾಕು ಇಳಿಯಪ್ಪಾ ಅನ್ನುವಂತೆ ಒಂದು ಸಿಂಬಲ್ಲನ್ನು ಪಾರ್ಕರ್ ಕಾಲ ಬಳಿಗೆ ಬಿಸಾಕುತ್ತಾರೆ. ಠಣ್ ಅಂತ ಸದ್ದು, ಜನರ ನಗು, ಹುಡುಗನಿಗೆ ಅವಮಾನ. ನಡೆದದ್ದು ಇಷ್ಟು. 1988ರಲ್ಲಿ ಕ್ಲಿಂಟ್ ಈಸ್ಟ್‌ವುಡ್ ಪಾರ್ಕರ್ ಬಗ್ಗೆ 'ಬರ್ಡ್' ಮಾಡಿದಾಗ ಆ ಸಿಂಬಲ್ ಗಾಳಿಯಲ್ಲಿ ತೇಲುತ್ತಾ ಮತ್ತೆ ಮತ್ತೆ ಬರುವ ಕೆಟ್ಟ ಕನಸಾಯಿತು. 2014ರ 'ವಿಪ್‌ಲ್ಯಾಶ್' ಹೊತ್ತಿಗೆ ಅದು ತಲೆಗೇ ಗುರಿಯಿಟ್ಟು ಎಸೆದ ಆಯುಧ. ಆ ಚಿತ್ರದ ಮೇಷ್ಟ್ರು ಶಿಷ್ಯರಿಗೆ ಹೊಡೆದು ಬೈದು ಹಿಂಸೆ ಕೊಡುವುದಕ್ಕೆ ಇದೇ ಕತೆಯನ್ನು ಸಮರ್ಥನೆಯಾಗಿ ಕೊಡುತ್ತಾನೆ. ಅವಮಾನ ಆಗದೆ ಪಾರ್ಕರ್ ಪಾರ್ಕರ್ ಆಗುತ್ತಿರಲಿಲ್ಲ ಅನ್ನುವುದು ಅವನ ವಾದ. ಆ ಪಾತ್ರ ಮಾಡಿದ ಜೆ.ಕೆ. ಸಿಮನ್ಸ್‌ಗೆ ಆಸ್ಕರ್ ಬಂತು, ನಟನೆ ನಿಜಕ್ಕೂ ಅಷ್ಟು ಚೆನ್ನಾಗಿದೆ. ಎಷ್ಟೋ ಜನಕ್ಕೆ ಜಾಝ್ ಬಗ್ಗೆ ಗೊತ್ತಿರುವ ಏಕೈಕ ಸಂಗತಿ ಈಗ ಆ ಸುಳ್ಳು ಸಿಂಬಲ್.

ನಿಜವಾಗಿ ಪಾರ್ಕರ್ ಬದಲಾದದ್ದು ಹೇಗೆ? 1937ರ ಬೇಸಿಗೆಯಲ್ಲಿ ಒಝಾರ್ಕ್ ಬೆಟ್ಟಗಳ ಕಡೆ ಒಂದು ತಂಡದ ಜೊತೆ ನುಡಿಸುವ ಕೆಲಸ ಸಿಕ್ಕಿತು. ಲೆಸ್ಟರ್ ಯಂಗ್ ಅವರ ರೆಕಾರ್ಡುಗಳನ್ನು ಜೊತೆಗೆ ಒಯ್ದಿದ್ದರು. ಬಿಡುವಿದ್ದಾಗಲೆಲ್ಲ ಅದನ್ನೇ ಹಾಕಿ ಕೇಳಿ, ಸ್ವರ ಸ್ವರ ಬಿಡಿಸಿ ಬಾಯಿಪಾಠ ಮಾಡಿದರು. ಊರಿಗೆ ವಾಪಸ್ ಬಂದಾಗ ಜನ ಇವನು ಅವನೇನಾ ಅಂದರು. ಅಂದರೆ ಕಲಿಸಿದ್ದು ಜೋ ಜೋನ್ಸ್ ಎಸೆದ ತಟ್ಟೆಗಿಂತ ಲೆಸ್ಟರ್ ಯಂಗ್ ರೆಕಾರ್ಡು. ಆದರೆ ರೆಕಾರ್ಡ್ ಕೇಳುತ್ತಾ ಕೂತ ಹುಡುಗನನ್ನು ಎರಡು ಗಂಟೆ ತೋರಿಸಲು ಯಾವ ನಿರ್ಮಾಪಕ ದುಡ್ಡು ಹಾಕುತ್ತಾನೆ ಹೇಳಿ. ತಮಾಷೆ ಅಂದರೆ, ಮೇಲೆ ಹೇಳಿದ 1944ರ ಆ ಹತ್ತು ನಿಮಿಷದ ಚಿತ್ರದಲ್ಲಿ ಜೋ ಜೋನ್ಸ್ ಕೂಡ ಇದ್ದಾರೆ. ಮುಖದ ತುಂಬ ನಗು.

ಚೆಟ್ ಬೇಕರ್ ವಿಷಯದಲ್ಲೂ ಹೀಗೇ. 1966ರಲ್ಲಿ ಬಿದ್ದ ಏಟಿನ ನಂತರ ಹಲ್ಲು ಕಳೆದುಕೊಂಡರು. ಟ್ರಂಪೆಟ್ ನುಡಿಸುವವನಿಗೆ ಹಲ್ಲು ಹೋಯಿತು ಅಂದರೆ ತುಟಿಯ ಹಿಡಿತವೇ ಹೋಯಿತು ಅಂತ ಅರ್ಥ. ಕಟ್ಟಿಸಿದ ಹಲ್ಲಿಟ್ಟುಕೊಂಡು ಮೊದಲಿಂದ ಕಲಿತು ಮತ್ತೆ ವೇದಿಕೆಗೆ ಬಂದರು. ಅಷ್ಟು ದೊಡ್ಡ ಕೆಲಸ. ಆದರೆ ಫ್ಯಾಷನ್ ಫೋಟೋಗ್ರಾಫರ್ ಬ್ರೂಸ್ ವೆಬರ್ ಮಾಡಿದ 'ಲೆಟ್ಸ್ ಗೆಟ್ ಲಾಸ್ಟ್' ಕಪ್ಪುಬಿಳುಪಿನಲ್ಲಿ ಆ ಮುಖದ ಸುಕ್ಕುಗಳನ್ನು ಮೋಹದಿಂದ ನೋಡುತ್ತಾ ನಿಲ್ಲುತ್ತದೆ. ಚೆಂದದ ಚಿತ್ರವೇ. ಆದರೆ ಹಾಳಾದ ಮನುಷ್ಯನನ್ನು ನೋಡುವ ಸುಖ ಅದರಲ್ಲಿ ಜಾಸ್ತಿ. ಬಿಡುಗಡೆಗೆ ಮುಂಚೆ, 1988ರ ಮೇ ತಿಂಗಳಲ್ಲಿ, ಬೇಕರ್ ಆಮ್‌ಸ್ಟರ್‌ಡ್ಯಾಮ್‌ನ ಹೋಟೆಲಿನ ಕಿಟಕಿಯಿಂದ ಬಿದ್ದು ತೀರಿಕೊಂಡರು. ಸೂತ್ರ ತಾನಾಗಿ ಪೂರ್ತಿಯಾಯಿತು.

ಇನ್ನೊಂದು ತಾಂತ್ರಿಕ ತೊಡಕೂ ಇದೆ. ನಟನಿಗೆ ವಾದ್ಯ ಬರುವುದಿಲ್ಲ, ವಾದಕನಿಗೆ ನಟನೆ ಬರುವುದಿಲ್ಲ. 'ಕಾಸಾಬ್ಲಾಂಕಾ'ದಲ್ಲಿ ಪಿಯಾನೋ ಮುಂದೆ ಕೂತ ಡೂಲಿ ವಿಲ್ಸನ್ ಅಸಲಿಗೆ ಡ್ರಮ್ಸ್ ನುಡಿಸುವವರು. ಪಿಯಾನೋ ಬೇರೆಯವರದ್ದು. 1950ರ 'ಯಂಗ್ ಮ್ಯಾನ್ ವಿತ್ ಎ ಹಾರ್ನ್'ನಲ್ಲಿ ಕರ್ಕ್ ಡಗ್ಲಸ್ ಊದಿದ ಟ್ರಂಪೆಟ್ಟಿನ ದನಿ ಹ್ಯಾರಿ ಜೇಮ್ಸ್ ಅವರದ್ದು. ನಾಯಕ ಸುಮ್ನೆ ಬೆರಳಾಡಿಸುವ ಹಾಡುಗಳನ್ನು ನೋಡಿಕೊಂಡೇ ಬೆಳೆದ ನಮಗೆ ಇದೇನೂ ಹೊಸದಲ್ಲ ಬಿಡಿ. ಆದರೆ ಜಾಝ್‌ನಲ್ಲಿ ಆ ಕ್ಷಣ ಹುಟ್ಟುವ ಸ್ವರವೇ ಎಲ್ಲ. ಮೊದಲೇ ಧ್ವನಿಮುದ್ರಿಸಿ ಅದಕ್ಕೆ ಕೈ ಕುಣಿಸಿದರೆ ಉಳಿಯುವುದು ಬರೀ ಭಂಗಿ.

ಈ ತೊಡಕಿಗೆ ಎರಡು ಚಿತ್ರಗಳು ಎರಡು ದಾರಿ ಹಿಡಿದವು. 'ಬರ್ಡ್' ಪಾರ್ಕರ್ ಅವರ ಹಳೆಯ ಧ್ವನಿಮುದ್ರಣದಿಂದ ಅವರ ಸ್ಯಾಕ್ಸೋಫೋನನ್ನಷ್ಟೇ ಬೇರ್ಪಡಿಸಿ, ಸುತ್ತ ಹೊಸ ವಾದಕರಿಂದ ನುಡಿಸಿತು. ಶಬ್ದಕ್ಕೆ ಆಸ್ಕರ್ ಬಂತು. ಫಾರೆಸ್ಟ್ ವಿಟೇಕರ್‌ಗೆ ಕಾನ್ ಉತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ. ಆದರೆ ಸತ್ತವರ ಜೊತೆ ಬದುಕಿರುವವರು ನುಡಿಸಿದ ಹಾಗಿರುತ್ತದೆ. ಮಾತು ಕೇಳುತ್ತದೆ, ಸಂಭಾಷಣೆ ಇಲ್ಲ. ಎರಡು ವರ್ಷ ಮೊದಲು, 1986ರಲ್ಲಿ, ಬರ್ಟ್ರಾಂಡ್ ತವರ್ನಿಯೆ 'ರೌಂಡ್ ಮಿಡ್‌ನೈಟ್' ಮಾಡಿದಾಗ ತದ್ವಿರುದ್ಧ ಹಾದಿ. ನಟನೇ ಬೇಡ ಅಂತ ಸ್ಯಾಕ್ಸೋಫೋನ್ ವಾದಕ ಡೆಕ್ಸ್ಟರ್ ಗಾರ್ಡನ್ ಅವರನ್ನೇ ನಾಯಕ ಮಾಡಿದರು. ಸಂಗೀತವನ್ನು ಸೆಟ್‌ನಲ್ಲೇ, ಕ್ಯಾಮೆರಾ ಓಡುತ್ತಿರುವಾಗಲೇ ಮುದ್ರಿಸಿದರು. ಗಾರ್ಡನ್‌ಗೆ ಆಗ ಅರವತ್ತು ದಾಟಿತ್ತು. ಮಾತಿನ ಮಧ್ಯೆ ಅವರು ಬಿಡುವ ಬಿಡುವು ನೋಡಬೇಕು. ಎದುರಿನ ಪಾತ್ರ ಕಾದು ಕಾದು ಸುಸ್ತಾಗುವಷ್ಟು ಉದ್ದ. ತಮ್ಮ ಸಂಭಾಷಣೆಯನ್ನೂ ಎಷ್ಟೋ ಕಡೆ ತಾವೇ ಬದಲಿಸಿಕೊಂಡರು. ಅತ್ಯುತ್ತಮ ನಟ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಸಂಗೀತಕ್ಕೆ ಹರ್ಬಿ ಹ್ಯಾನ್‌ಕಾಕ್ ಆಸ್ಕರ್ ಗೆದ್ದರು. ಕುಡಿತ, ಕರುಣೆ ತೋರುವ ಬಿಳಿ ಅಭಿಮಾನಿ, ಸಾವು, ಎಲ್ಲ ಹಳೆಯ ಸರಕೂ ಇದರಲ್ಲಿದೆ. ಆದರೂ ಗಾರ್ಡನ್ ಊದಲು ಶುರುಮಾಡಿದರೆ ಕತ್ತರಿ ಹಿಂದೆ ಸರಿಯುತ್ತದೆ. ಅಷ್ಟಕ್ಕೇ ಇದು ಬೇರೆ ಚಿತ್ರ.

ಆದರೆ ನನ್ನನ್ನು ಕೇಳಿದರೆ ತೆರೆಯ ಮೇಲೆ ಜಾಝ್‌ನ ಅತಿ ಒಳ್ಳೆಯ ಕ್ಷಣ ಸಿನಿಮಾದಲ್ಲಿಲ್ಲ. ಅದು ಒಂದು ನೇರ ಪ್ರಸಾರದಲ್ಲಿದೆ. 1957ರ ಡಿಸೆಂಬರ್ 8, ಭಾನುವಾರ. ಸಿಬಿಎಸ್ ವಾಹಿನಿಯ 'ದ ಸೌಂಡ್ ಆಫ್ ಜಾಝ್'. ಕಲಾವಿದರನ್ನು ಆಯ್ದವರು ನ್ಯಾಟ್ ಹೆಂಟಾಫ್ ಮತ್ತು ವಿಟ್ನಿ ಬಾಲಿಯೆಟ್ ಅನ್ನುವ ಇಬ್ಬರು ಜಾಝ್ ವಿಮರ್ಶಕರು. ಅಲಂಕಾರದ ಸೆಟ್ ಇಲ್ಲ. ಸ್ಟುಡಿಯೋದ ಕ್ಯಾಮೆರಾಗಳೂ ಕಾಣುತ್ತವೆ, ಕೆಲವರು ಹ್ಯಾಟು ಹಾಕಿಕೊಂಡೇ ನುಡಿಸುತ್ತಾರೆ. ಬಿಲ್ಲಿ ಹಾಲಿಡೇ ಒಂದು ಎತ್ತರದ ಸ್ಟೂಲಿನ ಮೇಲೆ ಕೂತಿದ್ದಾರೆ. ಸುತ್ತ ಬೆನ್ ವೆಬ್‌ಸ್ಟರ್, ಕೋಲ್ಮನ್ ಹಾಕಿನ್ಸ್, ಜೆರಿ ಮಲಿಗನ್, ರಾಯ್ ಎಲ್ಡ್ರಿಡ್ಜ್. ಲೆಸ್ಟರ್ ಯಂಗ್ ಕೂಡ ಇದ್ದಾರೆ, ಮೈಗೆ ಹುಷಾರಿಲ್ಲ. ಒಂದು ಕಾಲದಲ್ಲಿ ಹಾಲಿಡೇಗೂ ಅವರಿಗೂ ಬಹಳ ಸ್ನೇಹ. ಆಮೇಲೆ ದೂರವಾಗಿದ್ದರು.

ವೆಬ್‌ಸ್ಟರ್ ನುಡಿಸಿದ ಮೇಲೆ ಯಂಗ್ ಎದ್ದು ನಿಲ್ಲುತ್ತಾರೆ. ಒಂದೇ ಒಂದು ಸುತ್ತು, ಹನ್ನೆರಡು ಬಾರ್ (ತಾಳದ ಆವರ್ತ). ಒಂದು ನಿಮಿಷವೂ ಇಲ್ಲ. ಬೇರೆಯವರು ಹತ್ತು ಸ್ವರ ಹಾಕುವ ಜಾಗದಲ್ಲಿ ಮೂರು ಸ್ವರ. ಹೆಚ್ಚು ಊದಲು ಉಸಿರಿಲ್ಲ, ಆದರೆ ಇರುವ ಉಸಿರನ್ನು ಎಲ್ಲಿ ಇಡಬೇಕು ಅಂತ ಗೊತ್ತು. ನಿರ್ದೇಶಕ ಜ್ಯಾಕ್ ಸ್ಮೈಟ್ ಕ್ಯಾಮೆರಾವನ್ನು ಹಾಲಿಡೇ ಮುಖಕ್ಕೆ ಬದಲಿಸುತ್ತಾರೆ. ಅವರು ತಲೆ ತೂಗುತ್ತಿದ್ದಾರೆ. ತುಟಿಯಲ್ಲಿ ಅರ್ಧ ನಗು. ಹುಬ್ಬು ಮೇಲೇರುತ್ತದೆ, ಸರಿ, ಹೌದು, ಹಾಗೇ ಅನ್ನುವ ಹಾಗೆ. ಕಂಟ್ರೋಲ್ ರೂಮಿನಲ್ಲಿದ್ದವರ ಕಣ್ಣಲ್ಲಿ ನೀರಿತ್ತು ಅಂತ ಹೆಂಟಾಫ್ ಹೇಳಿಕೊಂಡಿದ್ದಾರೆ. 1959ರಲ್ಲಿ, ಮಾರ್ಚ್‌ನಲ್ಲಿ ಯಂಗ್, ಜುಲೈನಲ್ಲಿ ಹಾಲಿಡೇ ತೀರಿಕೊಂಡರು. ಆದರೆ ಆ ತುಣುಕು ಕಾಡುವುದು ಸಾವಿನ ಕಾರಣಕ್ಕಲ್ಲ. ಒಬ್ಬ ಕಲಾವಿದೆ ಇನ್ನೊಬ್ಬ ಕಲಾವಿದನ ಕೆಲಸವನ್ನು ಕೇಳುವುದು ಹೇಗೆ ಅಂತ ಅಲ್ಲಿ ಕಾಣುತ್ತದೆ. ನೇರ ಪ್ರಸಾರವಾದ್ದರಿಂದ ಆಮೇಲೆ ಕತ್ತರಿ ಹಿಡಿದು ತಿದ್ದಲು ಯಾರಿಗೂ ಅವಕಾಶ ಇರಲಿಲ್ಲ.

ಸಾಕ್ಷ್ಯಚಿತ್ರ ಅಂದ ಮಾತ್ರಕ್ಕೆ ಕತ್ತರಿ ಇಲ್ಲ ಅಂತಲ್ಲ. ನ್ಯೂಪೋರ್ಟ್ ಉತ್ಸವದ 'ಜಾಝ್ ಆನ್ ಎ ಸಮ್ಮರ್ಸ್ ಡೇ' ಬಣ್ಣಬಣ್ಣದ ಸುಂದರ ಚಿತ್ರ. ಬರ್ಟ್ ಸ್ಟರ್ನ್ 1958ರಲ್ಲಿ ತೆಗೆದದ್ದು. ಅದರಲ್ಲಿ ಮಂಕ್ ನುಡಿಸುತ್ತಿದ್ದರೆ ತೆರೆಯ ಮೇಲೆ ಹಾಯಿದೋಣಿಗಳ ಪಂದ್ಯ ಓಡುತ್ತಿರುತ್ತದೆ! ಆ ವರ್ಷ ಅದೇ ಉತ್ಸವದಲ್ಲಿ ನುಡಿಸಿದ ಮೈಲ್ಸ್ ಡೇವಿಸ್ ಮತ್ತು ಡ್ಯೂಕ್ ಎಲಿಂಗ್‌ಟನ್ ಚಿತ್ರದಲ್ಲೇ ಇಲ್ಲ. ಕೆನ್ ಬರ್ನ್ಸ್ 2001ರಲ್ಲಿ ಮಾಡಿದ ಹತ್ತು ಕಂತುಗಳ 'ಜಾಝ್' ಎಷ್ಟೋ ಜನರನ್ನು ಈ ಸಂಗೀತಕ್ಕೆ ಕರೆತಂದಿತು, ನಿಜ. ಆದರೆ 1960ರ ನಂತರದ ನಲವತ್ತು ವರ್ಷಗಳನ್ನು ಕೊನೆಯ ಒಂದು ಕಂತಿನಲ್ಲಿ ತುರುಕಿದ್ದಕ್ಕೆ ಇವತ್ತಿಗೂ ಬೈಗುಳ ತಿನ್ನುತ್ತಿದೆ.

ಈಗಿನ ಅಲೆಯಲ್ಲಿ ಬದಲಾದದ್ದು ಏನಂದರೆ ಕಲಾವಿದರು ತಾವೇ ಮಾತಾಡುವ ಟೇಪುಗಳು ಹೊರಬಂದಿವೆ. ಲೂಯಿ ಆರ್ಮ್‌ಸ್ಟ್ರಾಂಗ್ ನ್ಯೂಯಾರ್ಕಿನ ಕರೋನಾ ಬಡಾವಣೆಯ ಮನೆಯಲ್ಲಿ, ಗ್ರೀನ್‌ರೂಮಿನಲ್ಲಿ, ಟೂರಿನ ಹೋಟೆಲುಗಳಲ್ಲಿ ರೀಲು ಯಂತ್ರ ಓಡಿಸಿಟ್ಟು ನೂರಾರು ಟೇಪು ತುಂಬಿಸಿದ್ದರು. ಪೆಟ್ಟಿಗೆಗಳ ಮೇಲೆ ಫೋಟೋ ಕತ್ತರಿಸಿ ಅಂಟಿಸುವ ಹುಚ್ಚು ಬೇರೆ. 2022ರ 'ಲೂಯಿ ಆರ್ಮ್‌ಸ್ಟ್ರಾಂಗ್ಸ್ ಬ್ಲ್ಯಾಕ್ ಅಂಡ್ ಬ್ಲೂಸ್' ನಿಂತಿರುವುದೇ ಅದರ ಮೇಲೆ. ಸಿನಿಮಾದಲ್ಲಿ ಹಲ್ಲು ಬಿಟ್ಟು ನಗುತ್ತಿದ್ದ, ಕಿರಿಯ ಕಲಾವಿದರಿಂದ ಬಿಳಿಯರನ್ನು ಮೆಚ್ಚಿಸುವವನು ಅಂತ ಬೈಸಿಕೊಂಡ ಆರ್ಮ್‌ಸ್ಟ್ರಾಂಗ್ ಇಲ್ಲಿ ಕೋಪದಿಂದ, ಕೆಟ್ಟ ಬೈಗುಳದ ಸಮೇತ ತಾವು ಕಂಡ ಜನಾಂಗ ದ್ವೇಷದ ಬಗ್ಗೆ ಮಾತಾಡುತ್ತಾರೆ. 1957ರಲ್ಲಿ ಲಿಟಲ್ ರಾಕ್‌ನ ಶಾಲೆಗೆ ಕಪ್ಪು ಮಕ್ಕಳನ್ನು ಬಿಡದಿದ್ದಾಗ, ಅಧ್ಯಕ್ಷ ಐಸೆನ್‌ಹೋವರ್‌ಗೆ ಧೈರ್ಯವಿಲ್ಲ ಅಂತ ಪತ್ರಕರ್ತನೊಬ್ಬನಿಗೆ ನೇರವಾಗಿ ಹೇಳಿ, ಸರ್ಕಾರದ ಪರವಾಗಿ ಹೋಗಬೇಕಿದ್ದ ಸೋವಿಯತ್ ಪ್ರವಾಸವನ್ನೇ ಬಿಟ್ಟವರು ಅವರು. ಸಿನಿಮಾಗಳು ಆ ಮನುಷ್ಯನನ್ನು ತೋರಿಸಲೇ ಇಲ್ಲ.

'ಐ ಕಾಲ್ಡ್ ಹಿಮ್ ಮಾರ್ಗನ್' ಇನ್ನೂ ಸಣ್ಣ ವಸ್ತುವಿನಿಂದ ಹುಟ್ಟಿದ್ದು. ಟ್ರಂಪೆಟ್ ವಾದಕ ಲೀ ಮಾರ್ಗನ್ ಅವರನ್ನು 1972ರ ಫೆಬ್ರವರಿಯ ಹಿಮ ಸುರಿಯುವ ರಾತ್ರಿ ನ್ಯೂಯಾರ್ಕಿನ ಕ್ಲಬ್ಬಿನಲ್ಲಿ ಗುಂಡಿಟ್ಟು ಕೊಂದವರು ಜೊತೆಗೆ ಬಾಳಿದ ಹೆಲೆನ್. ಸೂತ್ರದ ಸಿನಿಮಾಗೆ ಇಷ್ಟೇ ಸಾಕಿತ್ತು. ಆದರೆ ಹೆಲೆನ್ ವಯಸ್ಸಾದ ಮೇಲೆ ಊರಿಗೆ ಹೋಗಿ ವಯಸ್ಕರ ಶಿಕ್ಷಣದ ತರಗತಿಗೆ ಸೇರಿದಾಗ, ಅಲ್ಲಿನ ಮೇಷ್ಟ್ರು 1996ರಲ್ಲಿ ಒಂದು ಕ್ಯಾಸೆಟ್ಟಿನಲ್ಲಿ ಅವರ ಮಾತು ಮುದ್ರಿಸಿಕೊಂಡರು. ಮುಂದಿನ ತಿಂಗಳೇ ಹೆಲೆನ್ ತೀರಿಕೊಂಡರು. ಕೊರೆಯುವ ಚಳಿಯಲ್ಲಿ ಕೋಟಿಲ್ಲದೆ ಬಂದ ಹುಡುಗ ಮಾರ್ಗನ್, ಆ ಕೋಟನ್ನು ಚಟಕ್ಕಾಗಿ ಅಡವಿಟ್ಟಿದ್ದಾನೆ ಅಂತ ತಿಳಿದು ಹೆಲೆನ್ ಹೋಗಿ ಬಿಡಿಸಿಕೊಂಡು ಬಂದದ್ದು, ಊಟ ಹಾಕಿ ಮತ್ತೆ ಟ್ರಂಪೆಟ್ ಹಿಡಿಸಿದ್ದು, ಎಲ್ಲ ಆ ಕೆಟ್ಟ ಕ್ಯಾಸೆಟ್ಟಿನ ಕರಕರ ಸದ್ದಿನಲ್ಲೇ ಬರುತ್ತದೆ. ಹಾಗೇ 'ಬಿಲ್ಲಿ' ಚಿತ್ರ. ಲಿಂಡಾ ಲಿಪ್‌ನ್ಯಾಕ್ ಕ್ಯೂಲ್ 1970ರ ದಶಕದಲ್ಲಿ ಹಾಲಿಡೇ ಜೀವನಚರಿತ್ರೆ ಬರೆಯಲು ಸುಮಾರು 200 ಗಂಟೆ ಸಂದರ್ಶನ ಮುದ್ರಿಸಿ, ಪುಸ್ತಕ ಮುಗಿಸುವ ಮೊದಲೇ 1978ರಲ್ಲಿ ಸತ್ತರು. ಆ ಟೇಪುಗಳು ಚಿತ್ರವಾದದ್ದು 2019ರಲ್ಲಿ.

ಟೇಪು ಇಲ್ಲದಿದ್ದರೆ? ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಬಗೆಗಿನ 'ಚೇಸಿಂಗ್ ಟ್ರೇನ್'ನಲ್ಲಿ ಅವರ ಬರಹವನ್ನು ಡೆನ್ಜೆಲ್ ವಾಷಿಂಗ್ಟನ್ ಓದಿದರು. ಮೈಲ್ಸ್ ಡೇವಿಸ್ ಸಾಕ್ಷ್ಯಚಿತ್ರದಲ್ಲಿ ಅವರ ಒಡೆದ ದನಿಯನ್ನು ನಟ ಕಾರ್ಲ್ ಲಂಬ್ಲಿ ಅನುಕರಿಸಿದರು. ಇದು ನಟನ ದನಿ ಅಂತ ನೋಡುವವರಿಗೆ ಗೊತ್ತು, ಅಲ್ಲಿಗೆ ತಕರಾರಿಲ್ಲ. ಈಗ ಎಐ ಬಂದಿದೆ. ಬಾಣಸಿಗ ಆಂಟನಿ ಬೋರ್ಡೇನ್ ಬಗೆಗಿನ 2021ರ ಚಿತ್ರದಲ್ಲಿ, ಅವರು ಬರೆದಿದ್ದ ಮಾತನ್ನು ಯಂತ್ರದಿಂದ ಅವರದ್ದೇ ದನಿಯಲ್ಲಿ ಹೇಳಿಸಿ, ಪ್ರೇಕ್ಷಕರಿಗೆ ತಿಳಿಸದೇ ಬಿಟ್ಟಾಗ ದೊಡ್ಡ ಗದ್ದಲ ಆಯಿತು. 2024ರಲ್ಲಿ ಅಮೆರಿಕದ ಆರ್ಕೈವಲ್ ಪ್ರೊಡ್ಯೂಸರ್ಸ್ ಅಲಯನ್ಸ್ ಸಾಕ್ಷ್ಯಚಿತ್ರಗಳಲ್ಲಿ ಎಐ ಬಳಕೆಗೆ ಮಾರ್ಗಸೂಚಿ ಪ್ರಕಟಿಸಿತು. ಜಾಝ್‌ಗೆ ಇದು ದೂರದ ಮಾತಲ್ಲ. ಪಾರ್ಕರ್ ಸ್ಯಾಕ್ಸೋಫೋನನ್ನು 1988ರಲ್ಲೇ ಬೇರ್ಪಡಿಸಿದವರು, ನಾಳೆ ಅವರು ನುಡಿಸದೇ ಇದ್ದದ್ದನ್ನೂ ನುಡಿಸಬಹುದು. ಇಷ್ಟು ದಿನ ಇದ್ದದ್ದು ಹೇಳಿದ್ದನ್ನು ತೆಗೆಯುವ ಕತ್ತರಿ. ಹೇಳದ್ದನ್ನು ಸೇರಿಸುವುದು ಅದಕ್ಕಿಂತ ಕೆಟ್ಟದ್ದು ಅಂತ ನನಗನ್ನಿಸುತ್ತದೆ.

ಇದಕ್ಕೆ ಎದುರಾಗಿ 2024ರ 'ಸೌಂಡ್‌ಟ್ರ್ಯಾಕ್ ಟು ಎ ಕೂ ದೆತಾ' ನೋಡಿ. ಬೆಲ್ಜಿಯಂನ ಯೋಹಾನ್ ಗ್ರಿಮೋನ್‌ಪ್ರೆ ಮಾಡಿದ್ದು. 1960ರಲ್ಲಿ ಆರ್ಮ್‌ಸ್ಟ್ರಾಂಗ್ ಅಮೆರಿಕದ ಸಾಂಸ್ಕೃತಿಕ ರಾಯಭಾರಿಯಾಗಿ ಕಾಂಗೋದಲ್ಲಿ ಕಛೇರಿ ಕೊಡುತ್ತಿದ್ದಾಗ, ಅಧಿಕಾರ ಕಳೆದುಕೊಂಡ ಅಲ್ಲಿನ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಅವರನ್ನು ಮುಗಿಸುವ ಸಂಚು ನಡೆಯುತ್ತಿತ್ತು. 1961ರ ಜನವರಿಯಲ್ಲಿ ಲುಮುಂಬಾ ಕೊಲೆಯಾಯಿತು. ಮುಂದಿನ ತಿಂಗಳು ಗಾಯಕಿ ಆಬಿ ಲಿಂಕನ್, ಡ್ರಮ್ಸ್ ವಾದಕ ಮ್ಯಾಕ್ಸ್ ರೋಚ್ ಮತ್ತಿತರರು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೇ ನುಗ್ಗಿ ಪ್ರತಿಭಟಿಸಿದರು. ಎರಡೂವರೆ ಗಂಟೆ ಹಳೆಯ ತುಣುಕುಗಳ ಜೋಡಣೆ, ಮಾತು ಬಂದಲ್ಲೆಲ್ಲ ಯಾವ ಪುಸ್ತಕ, ಯಾವ ಪುಟ ಅಂತ ತೆರೆಯ ಮೇಲೇ ಬರಹ. ಇಲ್ಲಿ ಕತ್ತರಿ ಹಿಡಿದವನು ತನ್ನ ಕೈಯನ್ನು ಮುಚ್ಚಿಡುವುದಿಲ್ಲ.

ಉಳಿದದ್ದು ದುಡ್ಡಿನ ಮಾತು, ಮಂಕ್ ಎತ್ತಿದ್ದೂ ಅದನ್ನೇ. ಸಿನಿಮಾದಲ್ಲಿ ಒಂದು ಹಾಡು ಬಳಸಬೇಕಾದರೆ ರಚನೆಯ ಹಕ್ಕು ಬೇರೆ, ಆ ನಿರ್ದಿಷ್ಟ ಧ್ವನಿಮುದ್ರಣದ ಹಕ್ಕು ಬೇರೆ. ಎರಡೂ ಕಡೆ ಒಪ್ಪಿಗೆ ಬೇಕು, ಎರಡೂ ಕಡೆ ದುಡ್ಡು ಕಟ್ಟಬೇಕು. ಹಕ್ಕು ಹಿಡಿದವರು ಒಲ್ಲೆ ಅಂದರೆ ಮುಗಿಯಿತು. 2025ರಲ್ಲಿ ಬರ್ಲಿನ್ ಉತ್ಸವದಲ್ಲಿ ತೆರೆಕಂಡ 'ಕಲೋನ್ 75' ಚಿತ್ರದ ವಿಷಯ ಕೀತ್ ಜ್ಯಾರೆಟ್ 1975ರ ಜನವರಿ 24ರಂದು ಜರ್ಮನಿಯ ಕಲೋನ್‌ನಲ್ಲಿ ಕೆಟ್ಟ ಪಿಯಾನೋದಲ್ಲಿ ಕೊಟ್ಟ ಆ ಹೆಸರಾಂತ ಕಛೇರಿ. ಆದರೆ ಆ ಕಛೇರಿಯ ಧ್ವನಿಮುದ್ರಣ ಚಿತ್ರದಲ್ಲಿಲ್ಲ. ಹಾಗಾಗಿ ಅದನ್ನು ಏರ್ಪಡಿಸಿದ ಹದಿನೆಂಟರ ಹುಡುಗಿ ವೇರಾ ಬ್ರಾಂಡೆಸ್ ಓಡಾಟವೇ ಕಥೆ. ಸಂಗೀತ ಇಲ್ಲದ ಸಂಗೀತದ ಸಿನಿಮಾ. ಕುಟುಂಬದವರ ಒಪ್ಪಿಗೆ ಸಿಕ್ಕರೆ ಸಂಗೀತ ಸಿಗುತ್ತದೆ, ಆದರೆ ಅಹಿತವಾದ ಮಾತಿಗೆ ಜಾಗ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಅದೂ ಒಂದು ಬಗೆಯ ಎಡಿಟಿಂಗೇ, ಅಲ್ವಾ?

ನಮ್ಮ ಕಡೆ ಬಂದರೆ ತೊಂದರೆ ಬೇರೆ. ಕತ್ತರಿ ಹಾಕಲಿಕ್ಕೆ ಮೊದಲು ಫಿಲ್ಮ್ ಇರಬೇಕಲ್ಲ. ಮುಂಬೈ, ಕೋಲ್ಕತ್ತಾ ಹೋಟೆಲುಗಳಲ್ಲಿ ದಶಕಗಟ್ಟಲೆ ಜಾಝ್ ನುಡಿಸಿದ ಗೋವಾದ, ಆಂಗ್ಲೋ ಇಂಡಿಯನ್ ಕಲಾವಿದರ ಚಿತ್ರಿತ ದಾಖಲೆ ಬಹಳ ಕಡಿಮೆ. ಟ್ರಂಪೆಟ್ ವಾದಕ ಚಿಕ್ ಚಾಕಲೇಟ್ 1951ರ 'ಅಲ್‌ಬೇಲಾ'ದಲ್ಲಿ ತಮ್ಮ ತಂಡದ ಜೊತೆ ತೆರೆಯ ಮೇಲೆ ಕಾಣಿಸಿಕೊಂಡದ್ದು ಅಪರೂಪದ ಉದಾಹರಣೆ. ಗೋವಾದ ಸಂಗೀತಗಾರ ಕ್ರಿಸ್ ಪೆರಿ ಮತ್ತು ಗಾಯಕಿ ಲೋರ್ನಾ ಅವರ ಬದುಕನ್ನು ಆಧರಿಸಿ 2014ರಲ್ಲಿ ಬಂದ ಕೊಂಕಣಿ ಚಿತ್ರ 'ನಾಚೂಂಯಾ ಕುಂಪಾಸಾರ್' ಹಾಡುಗಳನ್ನು ಉಳಿಸಿಕೊಂಡು ಹೆಸರುಗಳನ್ನು ಬದಲಿಸಿತು. ನಾನಂತೂ ಅದನ್ನು 'ಬರ್ಡ್'ಗಿಂತ ಹೆಚ್ಚು ಖುಷಿಯಿಂದ ನೋಡಿದೆ.

ಬೆಂಗಳೂರಿನಲ್ಲಿ ಹುಟ್ಟಿದ ಗಿಟಾರ್ ವಾದಕ ಕಾರ್ಲ್‌ಟನ್ ಕಿಟ್ಟೊ ಕೋಲ್ಕತ್ತಾದಲ್ಲಿ ನೆಲೆಸಿ, ಕೇಳುವವರು ಕಡಿಮೆಯಾದ ಮೇಲೂ ಬೀಬಾಪ್ ಅನ್ನುವ ವೇಗದ ಜಾಝ್ ಶೈಲಿಯನ್ನು ಬಿಡದೆ ನುಡಿಸಿದರು, ಪಾಠ ಹೇಳಿದರು. ನಿರ್ದೇಶಕ ಸುಶೀಲ್ ಕುರಿಯನ್, ಕಿಟ್ಟೊ ಅವರನ್ನು ಹುಡುಕಿಕೊಂಡು ಹೋಗಿ 'ಫೈಂಡಿಂಗ್ ಕಾರ್ಲ್‌ಟನ್' ಮಾಡಿದಾಗ ಭಾರತದ ಜಾಝ್ ಇತಿಹಾಸದ ದೊಡ್ಡ ಭಾಗ ಮೊದಲ ಸಲ ಒಂದು ಕಡೆ ಸೇರಿತು. ಕಿಟ್ಟೊ 2016ರಲ್ಲಿ ತೀರಿಕೊಂಡರು. ಆ ಚಿತ್ರದಲ್ಲಿ ಚಟವಿಲ್ಲ, ಗುಂಡಿನ ಸದ್ದಿಲ್ಲ. ಒಬ್ಬರು ಗಿಟಾರ್ ಹಿಡಿದು ತಮ್ಮ ಕೆಲಸ ಮಾಡುತ್ತಿದ್ದಾರೆ, ಕ್ಯಾಮೆರಾ ಅವರ ಜೊತೆ ಕೂತಿದೆ.